ಕೊರವಕ್ಕೆ ಕಪ್ಪೆ, ಜಿಲೇಬಿಗೆ ರಬ್ಬರ್ ಹುಳ: ನಮ್ಮ ಕೆರೆಗಳಿಗೆ ಲೂರ್ ಆರಿಸುವ ಬಗೆ

ಎರೆಹುಳ, ಮೈದಾ ಉಂಡೆ ಬಿಟ್ಟು ಲೂರ್, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆಯ ಕಡೆಗೆ ಬಂದವರು ಅಂಗಡಿಯಲ್ಲಿ ಮೊದಲು ನೋಡುವುದು ಬಣ್ಣ, ಆಮೇಲೆ ಆಕಾರ, ಕೊನೆಗೆ ಬೆಲೆ. ತೂಕ ಎಷ್ಟು, ಹುಕ್ ಯಾವ ನಂಬರ್ ಅಂತ ಕೇಳುವವರು ಕಡಿಮೆ. ಹಾಸನ, ಚಿಕ್ಕಮಗಳೂರಿನ ಕೆರೆಗಳಿಗೆ ಈ ಕ್ರಮ ಪೂರ್ತಿ ತಲೆಕೆಳಗು. ನೀರಿನ ಆಳ ಮತ್ತು ತಳ ನೋಡಿ ತೂಕ ಗೊತ್ತುಮಾಡಬೇಕು. ಮೀನಿನ ಬಾಯಿ ನೋಡಿ ಹುಕ್, ಹುಕ್ ನೋಡಿ ರಬ್ಬರ್ ಹುಳದ ಅಳತೆ. ಬಣ್ಣಕ್ಕೆ ಬರುವುದು ಇದೆಲ್ಲ ಮುಗಿದ ಮೇಲೆ.

ಅದಕ್ಕೂ ಮೊದಲು, ಯಾವ ಮೀನಿಗೆ ಲೂರ್ ಅನ್ನುವುದು. ಕೆರೆಗೆ ಮರಿ ಬಿಟ್ಟು ಸಾಕುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವು ಲೂರ್ ಬೆನ್ನಟ್ಟುವ ಮೀನುಗಳಲ್ಲ. ಕಾಟ್ಲಾ ಮೇಲ್ನೀರಿನ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ, ಮೃಗಾಲ್ ತಳದ ಕೊಳೆತದ್ದನ್ನು ಕೆದಕುತ್ತದೆ. ಅವಕ್ಕೆ ಕಡಲೆಕಾಯಿ ಹಿಂಡಿ, ತವುಡು, ಮೈದಾ ಕಲಸಿದ ಉಂಡೆಯೇ ಸರಿ. ಒಮ್ಮೊಮ್ಮೆ ಗೆಂಡೆ ಚಿಕ್ಕ ರಬ್ಬರ್ ಹುಳಕ್ಕೆ ಬಾಯಿ ಹಾಕುವುದುಂಟು, ಅದನ್ನು ನಂಬಿ ಲೂರ್ ಕೊಳ್ಳಬೇಡಿ. ಲೂರ್ ಕೆಲಸಕ್ಕೆ ಬರುವುದು ಬೇಟೆಯಾಡುವ ಮೀನಿಗೆ: ಕೊರವ (ಮರ್ರೆಲ್), ಬಾಳೆ ಮೀನು, ಹೊಳೆಯಲ್ಲಿ ಮಹಶೀರ್, ಮತ್ತು ಸಿಟ್ಟಿಗೆ ಕಚ್ಚುವ ಜಿಲೇಬಿ (ತಿಲಾಪಿಯ).

ಪ್ಯಾಕೆಟ್ ಮೇಲಿನ ಅಂಕಿಗಳನ್ನು ಒಮ್ಮೆ ತಿಳಿದುಕೊಂಡರೆ ಅಂಗಡಿಯವನನ್ನು ಕೇಳುವ ಕೆಲಸ ಇಲ್ಲ. 1/8 ಔನ್ಸ್ ಅಂದರೆ 3.5 ಗ್ರಾಂ, 1/4 ಅಂದರೆ 7 ಗ್ರಾಂ, 1/2 ಅಂದರೆ 14 ಗ್ರಾಂ. ರಬ್ಬರಿನ ಉದ್ದ ಇಂಚಿನಲ್ಲಿರುತ್ತದೆ, 3 ಇಂಚು ಸುಮಾರು 7.5 ಸೆಂ.ಮೀ. ಹುಕ್ ಲೆಕ್ಕ ಮಾತ್ರ ವಿಚಿತ್ರ: 8, 6, 4, 2, 1 ಅಂತ ಅಂಕಿ ಇಳಿದಂತೆ ಹುಕ್ ದೊಡ್ಡದಾಗುತ್ತದೆ, ಅಲ್ಲಿಂದ ಮುಂದೆ 1/0, 2/0, 3/0 ಅಂತ ಅಂಕಿ ಏರಿದಂತೆ ದೊಡ್ಡದಾಗುತ್ತದೆ. ನಂಬರ್ 2 ಹುಕ್ ಕೇಳಿ 2/0 ತಂದವರು, 2/0 ಕೇಳಿ ನಂಬರ್ 2 ತಂದವರು ಇಬ್ಬರೂ ಇದ್ದಾರೆ.

ಈಗ ಕೊರವ. ಅಂತರಗಂಗೆ, ತಾವರೆ ಎಲೆ, ಜೊಂಡು ತುಂಬಿದ ಕೆರೆ ಅಂಚು ಇದರ ಜಾಗ. ಕೊರವ ಗಾಳಿ ಕುಡಿಯಲು ಆಗಾಗ ಮೇಲೆ ಬರುತ್ತದೆ. ಎಲೆಗಳ ನಡುವೆ ಒಂದು ಗುಳ್ಳೆ, ಒಂದು ಸಣ್ಣ ಸುಳಿ ಕಂಡರೆ ಅಲ್ಲಿಯೇ ಇದೆ ಎಂದು ಲೆಕ್ಕ. ಇಂಥ ಕಡೆ ಮೂರು ಮುಳ್ಳಿನ ಹುಕ್ ಇರುವ ಯಾವ ಲೂರನ್ನೂ ಎಸೆಯಬೇಡಿ, ಮೊದಲ ಎಸೆತಕ್ಕೇ ಒಂದು ಹೊರೆ ಪಾಚಿ ಎಳೆದುಕೊಂಡು ಬರುತ್ತದೆ. ಇಲ್ಲಿ ಬೇಕಾದದ್ದು ಪೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. 5ರಿಂದ 6 ಸೆಂ.ಮೀ. ಉದ್ದ, 8ರಿಂದ 14 ಗ್ರಾಂ ತೂಕ. ಎರಡು ಮುಳ್ಳಿನ ಹುಕ್ ಕಪ್ಪೆಯ ಬೆನ್ನಿಗೆ ಒರಗಿ ಕೂತಿರುತ್ತದೆ, ಮೀನು ಕಚ್ಚಿ ಹೊಟ್ಟೆ ಚಪ್ಪಟೆಯಾದಾಗಷ್ಟೇ ಮುಳ್ಳು ಹೊರಗೆ ಬರುತ್ತದೆ.

ಕಪ್ಪೆ ಕೊಳ್ಳುವಾಗ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿ ನೋಡಿ. ಮೆಲ್ಲಗೆ ಒತ್ತಿದರೆ ಸಾಕು, ಎರಡೂ ಮುಳ್ಳು ಪೂರ್ತಿ ಕಾಣಬೇಕು. ಜೋರಾಗಿ ಒತ್ತಿದರೂ ತುದಿ ಮಾತ್ರ ಇಣುಕಿದರೆ ಆ ರಬ್ಬರ್ ಗಟ್ಟಿ, ಮೀನು ಕಚ್ಚಿ ಉಗುಳಿಬಿಡುತ್ತದೆ. ಅಗ್ಗದ ಕಪ್ಪೆಗಳ ದೊಡ್ಡ ಕಾಯಿಲೆ ಇದೇ. ಮನೆಗೆ ತಂದ ಮೇಲೆ ಒಂದು ಇಕ್ಕಳದಲ್ಲಿ ಎರಡೂ ಮುಳ್ಳನ್ನು ಒಂದೆರಡು ಮಿ.ಮೀ. ಮಾತ್ರ ಮೇಲಕ್ಕೂ ಹೊರಕ್ಕೂ ಬಗ್ಗಿಸಿ. ಹೆಚ್ಚು ಬಗ್ಗಿಸಿದರೆ ಜೊಂಡು ಸಿಕ್ಕಿಕೊಳ್ಳುತ್ತದೆ. ಹಿಂದಿನ ದಾರದ ಕಾಲುಗಳು ಉದ್ದವಾಗಿದ್ದರೆ ಕತ್ತರಿಸಿ. ಒಂದು ಕಾಲನ್ನು ಇನ್ನೊಂದಕ್ಕಿಂತ ಒಂದು ಸೆಂ.ಮೀ. ಗಿಡ್ಡ ಮಾಡಿದರೆ ಕಪ್ಪೆ ನೇರ ಬರುವುದು ಬಿಟ್ಟು ಎಡಬಲ ತಲೆ ಹಾಕುತ್ತಾ ಬರುತ್ತದೆ. ಹುಕ್ ಹೊಟ್ಟೆಯೊಳಗೆ ಹೋಗುವ ಸಂದಿನಲ್ಲಿ ನೀರು ನುಗ್ಗುವುದು ಎಲ್ಲ ಕಪ್ಪೆಗೂ ಇದ್ದದ್ದೇ. ನಾಲ್ಕೈದು ಎಸೆತಕ್ಕೊಮ್ಮೆ ಹಿಸುಕಿ ನೀರು ಹೊರಹಾಕಿ, ಇಲ್ಲವಾದರೆ ಹಿಂಭಾಗ ಮುಳುಗಿ ಕಪ್ಪೆ ನಿಂತ ಹಾಗೆ ಕಾಣುತ್ತದೆ.

ಹಿಂದೆ ಪುಟ್ಟ ತಗಡಿನ ರೆಕ್ಕೆ ತಿರುಗುವ ಗಟ್ಟಿ ರಬ್ಬರ್ ಕಪ್ಪೆಗಳೂ ಸಿಗುತ್ತವೆ. ಎಲೆ ಇಲ್ಲದ ತೆರೆದ ನೀರಿಗೆ, ಬೇಗ ಬೇಗ ಸುತ್ತುವುದಕ್ಕೆ ಅವು ಚೆನ್ನ. ದಟ್ಟ ಅಂತರಗಂಗೆಯ ಮೇಲೆ ಅವುಗಳ ತಗಡಿಗೆ ನಾರು ಸುತ್ತಿಕೊಂಡು ತಿರುಗುವುದೇ ನಿಂತುಹೋಗುತ್ತದೆ. ಕೆರೆ ನೋಡದೆ ಕೊಂಡರೆ ದುಡ್ಡು ದಂಡ.

ಕಪ್ಪೆ ಬಳಸುವವರಿಗೆ ಮೀನು ತಪ್ಪುವುದು ಹೆಚ್ಚಾಗಿ ಲೂರ್ ದೆಸೆಯಿಂದಲ್ಲ, ಅವಸರದಿಂದ. ನೀರು ಪಳಕ್ ಅಂದ ಕೂಡಲೇ ಎಳೆದರೆ ಕಪ್ಪೆ ಹಾರಿ ಮುಖಕ್ಕೇ ಬರುತ್ತದೆ. ಕೋಲಿನ ತುದಿಯನ್ನು ನೀರಿನ ಕಡೆಗೆ ಇಳಿಸಿ, ಸಡಿಲ ದಾರ ಸುತ್ತಿ, ದಾರದಲ್ಲಿ ಭಾರ ತಿಳಿದ ಮೇಲೆ ಜೋರಾಗಿ ಎತ್ತಿ. ಕೊರವದ ಬಾಯಿ ಎಲುಬಿನದು, ಮೆದು ಕೋಲಿನಲ್ಲಿ ಮುಳ್ಳು ಇಳಿಯುವುದಿಲ್ಲ. ಏಳು ಅಡಿಯ ಗಡುಸು ಕೋಲು, 30ರಿಂದ 50 ಪೌಂಡ್ ಭಾರ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ, ಲೀಡರ್ (ಲೂರ್ ಮುಂದೆ ಕಟ್ಟುವ ಬೇರೆ ದಾರದ ತುಂಡು) ಇಲ್ಲದೆ ನೇರ ಗಂಟು. ಬ್ರೇಡ್ ಜಾರುವ ದಾರ, ಅದಕ್ಕೆ ದಾರವನ್ನು ಮಡಚಿ ಬಳೆಗೆ ಪೋಣಿಸಿ ಹಾಕುವ ಪಲೋಮರ್ ಗಂಟು ಹಾಕಿ, ಬಿಗಿಯುವ ಮುಂಚೆ ನೀರಿನಿಂದ ಒದ್ದೆ ಮಾಡಿ. ಮೀನು ಸಿಕ್ಕ ಮೇಲೆ ಆಟ ಆಡಿಸುತ್ತಾ ಕೂರಬೇಡಿ. ಜೊಂಡಿನ ಬುಡಕ್ಕೆ ಒಮ್ಮೆ ತಲೆ ಹಾಕಿತೆಂದರೆ ಅದನ್ನು ಬಿಡಿಸಿ ತರುವುದು ಕಷ್ಟ.

ಒಂದು ಮಾತು. ಮಳೆಗಾಲದಲ್ಲಿ ಕೆಂಪು ಕೆಂಪಾದ ಮರಿಗಳ ಗುಂಪು ನೀರ ಮೇಲೆ ಒಟ್ಟಾಗಿ ಏಳುತ್ತಾ ಮುಳುಗುತ್ತಾ ಹೋಗುವುದು ಕಾಣುತ್ತದೆ. ಅದರ ಕೆಳಗೆ ತಾಯಿ ತಂದೆ ಕೊರವ ಕಾವಲಿರುತ್ತವೆ. ಅಲ್ಲಿಗೆ ಏನು ಎಸೆದರೂ ಕಚ್ಚುತ್ತವೆ, ಹಸಿವಿಗಲ್ಲ, ಮರಿಗಳನ್ನು ಕಾಯಲು. ಆ ಜೋಡಿಯನ್ನು ಹಿಡಿದರೆ ಮರಿಗಳು ಅವತ್ತೇ ಬೇರೆ ಮೀನಿನ ಹೊಟ್ಟೆ ಸೇರುತ್ತವೆ. ಅದು ಲೂರ್ ಆರಿಸುವ ಜಾಣತನವೂ ಅಲ್ಲ, ಗಾಳದ ಜಾಣತನವೂ ಅಲ್ಲ.

ಮೆದು ರಬ್ಬರ್, ಅಂದರೆ ಸಾಫ್ಟ್ ಪ್ಲಾಸ್ಟಿಕ್, ಇದರಲ್ಲಿ ನೂರು ಆಕಾರ ಇದ್ದರೂ ನಮ್ಮ ನೀರಿಗೆ ಮೂರು ಸಾಕು. ಬಾಲದ ತುದಿಯಲ್ಲಿ ಬಿಲ್ಲೆಯಂಥ ತುಂಡು ಇರುವ ಶ್ಯಾಡ್, ಸುರುಳಿ ಬಾಲದ ಗ್ರಬ್, ಮತ್ತು ಎರಡೂ ತುದಿ ಹೆಚ್ಚುಕಡಿಮೆ ಒಂದೇ ದಪ್ಪ ಇರುವ ಕಡ್ಡಿ ಹುಳ. ಶ್ಯಾಡ್ ಎಳೆದಾಗ ಬಾಲ ಬಡಿಯುತ್ತದೆ, ಕಲಕು ನೀರಿನಲ್ಲೂ ಮೀನಿಗೆ ಆ ಅದುರು ತಿಳಿಯುತ್ತದೆ. ಗ್ರಬ್ ನಿಧಾನಕ್ಕೆ ಎಳೆದರೂ ಬಾಲ ಆಡಿಸುತ್ತದೆ, ಅದಕ್ಕೇ ಚಳಿಗಾಲಕ್ಕೆ ವಾಸಿ. ಕಡ್ಡಿ ಹುಳ ಎಳೆಯುವುದಕ್ಕಲ್ಲ, ಸುಮ್ಮನೆ ಮುಳುಗುವುದಕ್ಕೆ.

ತೂಕದ ಲೆಕ್ಕ ಹೀಗೆ. ಎರಡು ಮೀಟರಿಗಿಂತ ಕಡಿಮೆ ನೀರಿಗೆ 3ರಿಂದ 5 ಗ್ರಾಂ ಜಿಗ್ ಹೆಡ್, ಅಂದರೆ ಸೀಸದ ತಲೆ ಇರುವ ಹುಕ್. ಕೆರೆಯ ತೂಬಿನ ಹತ್ತಿರ, ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಹಳೆ ಹೊಳೆ ಹರಿಯುತ್ತಿದ್ದ ಆಳದ ಸಾಲಿನಲ್ಲಿ 7ರಿಂದ 10 ಗ್ರಾಂ. ಎಸೆದ ಮೇಲೆ ಒಂದು, ಎರಡು ಅಂತ ಎಣಿಸಿ. ದಾರ ಸಡಿಲಾದ ಕ್ಷಣ ರಬ್ಬರ್ ತಳ ಮುಟ್ಟಿತು ಅಂತ ಅರ್ಥ. ಹತ್ತು ಎಣಿಸಿದರೂ ಸಡಿಲಾಗದಿದ್ದರೆ ತೂಕ ಕಡಿಮೆ. ಎರಡಕ್ಕೇ ಸಡಿಲಾಗಿ, ಪ್ರತಿ ಸಲ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ತೂಕ ಹೆಚ್ಚು. ತೂಕ ಹೆಚ್ಚಾದರೆ ಇನ್ನೊಂದು ಕೆಡುಕೂ ಇದೆ: ಮೀನು ಕಚ್ಚುವುದು ಬಹಳ ಸಲ ರಬ್ಬರ್ ಮುಳುಗುವಾಗ, ಆ ಹೊತ್ತನ್ನೇ ನೀವು ಕಡಿಮೆ ಮಾಡಿದ ಹಾಗೆ.

ಹಿನ್ನೀರಿನ ವಿಷಯ ಬಂತಲ್ಲ. ಹೇಮಾವತಿ ಜಲಾಶಯದ ಪೂರ್ಣ ಮಟ್ಟ 2922 ಅಡಿ. ಪೇಪರಿನಲ್ಲಿ ರೈತರು ದಿನಾ ನೋಡುವ ಈ ಅಂಕಿ ಗಾಳ ಹಾಕುವವರಿಗೂ ಬೇಕು. ಮಟ್ಟ ತುಂಬಿದಾಗ ಹೊಲದ ಬದು, ಬೇಲಿ, ಪೊದೆ ಎಲ್ಲ ನೀರೊಳಗೆ, ಮೀನು ಅಂಚಿಗೆ ಬಂದಿರುತ್ತದೆ. ಆಗ ಹಗುರ, ಮುಳ್ಳು ಮುಚ್ಚಿದ ರಬ್ಬರ್. ಬೇಸಿಗೆಯಲ್ಲಿ ನೀರು ಇಳಿದು ಶೆಟ್ಟಿಹಳ್ಳಿಯ ಹಳೆ ಚರ್ಚಿನ ಬುಡ ಕಾಣುವಾಗ ಅಂಚೆಲ್ಲ ಬರೀ ಕೆಸರು, ಮೀನು ಹಳೆ ಹೊಳೆ ಸಾಲಿಗೆ ಇಳಿದಿರುತ್ತದೆ. ಆಗ ದೂರ ಎಸೆಯುವ 10 ಗ್ರಾಂ ಬೇಕು. ಕಾಫಿ ಎಸ್ಟೇಟಿನ ಕೆರೆಗಳಲ್ಲಂತೂ ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಚ್ಚಿದರೆ ಕೆಲವೇ ದಿನಕ್ಕೆ ಮಟ್ಟ ಇಳಿಯುತ್ತದೆ, ಹೋದ ವಾರ ಸರಿಹೋದ ತೂಕ ಈ ವಾರ ಕೆಸರಲ್ಲಿ ಹೂತು ಕೂರುತ್ತದೆ.

ಶ್ಯಾಡನ್ನು ಜಿಗ್ ಹೆಡ್‌ಗೆ ಪೋಣಿಸುವುದರಲ್ಲೇ ಅರ್ಧಕ್ಕರ್ಧ ಜನ ಎಡವುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಮೊದಲು ಹುಕ್ಕನ್ನು ರಬ್ಬರಿನ ಪಕ್ಕಕ್ಕೆ ಹಿಡಿಯಿರಿ. ಸೀಸದ ತಲೆ ರಬ್ಬರಿನ ಮೂಗಿಗೆ ಸಮ ಇರಲಿ. ಹುಕ್ಕಿನ ಬಾಗು ಎಲ್ಲಿ ಬರುತ್ತದೋ ಅಲ್ಲಿ ಬೆನ್ನಿನ ಮೇಲೆ ಉಗುರಿನಿಂದ ಒಂದು ಗೀರು ಹಾಕಿ. ಆಮೇಲೆ ಮೂಗಿನ ನಟ್ಟನಡುವೆ ಮುಳ್ಳು ಚುಚ್ಚಿ, ರಬ್ಬರನ್ನು ಹುಕ್ಕಿನ ಮೇಲೆ ಕಾಲುಚೀಲದ ಹಾಗೆ ಏರಿಸುತ್ತಾ ಹೋಗಿ. ಹುಕ್ಕನ್ನು ತಳ್ಳಬೇಡಿ, ರಬ್ಬರನ್ನು ಏರಿಸಿ. ಗೀರಿನ ಜಾಗದಲ್ಲೇ ಮುಳ್ಳು ಹೊರಬರಲಿ. ಗೀರಿಗಿಂತ ಮೊದಲೇ ಬಂದರೆ ಬೆನ್ನು ಗೂನಾಗುತ್ತದೆ, ದಾಟಿ ಬಂದರೆ ರಬ್ಬರ್ ಸುಕ್ಕುಗಟ್ಟುತ್ತದೆ. ಎರಡೂ ಸಲ ಬಾಲ ಬಡಿಯುವ ಬದಲು ಇಡೀ ರಬ್ಬರ್ ಗಿರಗಿರ ಸುತ್ತುತ್ತದೆ, ದಾರ ಹುರಿಗೊಂಡು ಹತ್ತು ಎಸೆತಕ್ಕೆ ರೀಲಿನಲ್ಲಿ ಗೂಡು ಕಟ್ಟುತ್ತದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಕೆರೆಗೇ ಹೋಗಬೇಕಿಲ್ಲ, ಮನೆಯ ನೀರಿನ ತೊಟ್ಟಿಯಲ್ಲಿ ಒಂದು ಮೊಳ ದಾರ ಹಿಡಿದು ಎಳೆದರೆ ಗೊತ್ತಾಗುತ್ತದೆ. ತಲೆಯ ಹತ್ತಿರ ಒಂದೇ ಹನಿ ಸೂಪರ್ ಗ್ಲೂ ಹಾಕಿದರೆ ರಬ್ಬರ್ ಜಾರಿ ಕೆಳಗೆ ಬರುವುದಿಲ್ಲ.

ಉದ್ದ ಮತ್ತು ಹುಕ್ ಹೊಂದಿಕೆ: 5 ಸೆಂ.ಮೀ. ರಬ್ಬರಿಗೆ ನಂಬರ್ 2 ಅಥವಾ 1, 7.5ಕ್ಕೆ 1/0 ಅಥವಾ 2/0, 10 ಸೆಂ.ಮೀ.ಗೆ 3/0. ಜೊಂಡು, ಮುಳುಗಿದ ಬೇಲಿ ಇರುವ ಕಡೆ ಜಿಗ್ ಹೆಡ್ ಬಿಟ್ಟು ಆಫ್‌ಸೆಟ್ ಹುಕ್ ಹಾಕಿ. ಇದರ ಕುತ್ತಿಗೆಯಲ್ಲಿ ಮೆಟ್ಟಿಲಿನಂಥ ಬಾಗು ಇರುತ್ತದೆ. ಮೂಗಿಗೆ ಅರ್ಧ ಸೆಂ.ಮೀ. ಚುಚ್ಚಿ ಹೊರತೆಗೆದು, ಹುಕ್ಕನ್ನು ತಿರುಗಿಸಿ, ಮುಳ್ಳನ್ನು ಹೊಟ್ಟೆಯಿಂದ ಬೆನ್ನಿಗೆ ದಾಟಿಸಿ, ತುದಿಯನ್ನು ಬೆನ್ನಿನ ಚರ್ಮದಡಿ ಒಂದೆರಡು ಮಿ.ಮೀ. ಮಾತ್ರ ಹುದುಗಿಸಿ. ದಾರದಲ್ಲಿ ಬುಲೆಟ್ ಆಕಾರದ 5 ಗ್ರಾಂ ಸೀಸ ಓಡಾಡಲು ಬಿಟ್ಟರೆ ಅದೇ ಟೆಕ್ಸಾಸ್ ರಿಗ್. ಹುಕ್ಕಿನ ಬಾಯಿ ಅಗಲ ರಬ್ಬರಿನ ದಪ್ಪದ ಒಂದೂವರೆ ಪಟ್ಟಾದರೂ ಇರಲಿ. ದಪ್ಪ ರಬ್ಬರಿಗೆ ಕಿರಿದಾದ ಹುಕ್ ಹಾಕಿದರೆ ಮೀನು ಕಚ್ಚಿದಾಗ ರಬ್ಬರ್ ಮಡಚಿ ಬಾಗಿನಲ್ಲಿ ತುಂಬಿಕೊಳ್ಳುತ್ತದೆ, ಮುಳ್ಳಿಗೆ ಬಾಯಿ ಸಿಗುವುದೇ ಇಲ್ಲ. ಹುಕ್ಕಿನ ತಂತಿಯೂ ದಪ್ಪ ಇರಬೇಕು. ಸಣ್ಣ ತಂತಿಯ ಹುಕ್ ಎರಡು ಕೆ.ಜಿ. ಕೊರವ ಜೊಂಡಿಗೆ ನುಗ್ಗಿದಾಗ ನೆಟ್ಟಗಾಗಿ ಕೈಗೆ ಬರುತ್ತದೆ.

ಬಾಲ ಮಾತ್ರ ಕತ್ತರಿಸಿಕೊಂಡು ಹೋಗುತ್ತಿದ್ದರೆ? ರಬ್ಬರ್ ಉದ್ದ ಹೆಚ್ಚಾಯಿತು ಅಂತ. 10 ಸೆಂ.ಮೀ.ಯಿಂದ 7.5ಕ್ಕೆ ಇಳಿಯಿರಿ. ಬಾಲ ಕಳೆದ ಶ್ಯಾಡನ್ನು ಎಸೆಯಬೇಡಿ, ಮೂಗಿನ ಕಡೆಯಿಂದ ಹರಿದಿಲ್ಲದಿದ್ದರೆ ಅದನ್ನೇ ಕಡ್ಡಿ ಹುಳದ ಹಾಗೆ ಬಳಸಬಹುದು.

ಜಿಲೇಬಿಗೆ ಇದೆಲ್ಲ ದೊಡ್ಡ ಸಾಮಾನು. ಅದರ ಬಾಯಿ ಚಿಕ್ಕದು. 2.5ರಿಂದ 4 ಸೆಂ.ಮೀ. ಗ್ರಬ್, 1ರಿಂದ 1.5 ಗ್ರಾಂ ಜಿಗ್, ನಂಬರ್ 6 ಅಥವಾ 8 ಹುಕ್, 4ರಿಂದ 6 ಪೌಂಡ್ ತಂಗೂಸಿ ದಾರ. ಇಷ್ಟು ಹಗುರದ್ದನ್ನು ದಪ್ಪ ಬ್ರೇಡ್‌ನಲ್ಲಿ ಎಸೆಯಲು ಹೋದರೆ ಹತ್ತು ಅಡಿ ದಾಟುವುದಿಲ್ಲ. ಅಂಚಿನ ತಿಳಿನೀರಿನಲ್ಲಿ ತಟ್ಟೆಯ ಹಾಗೆ ದುಂಡಗೆ ಕೆದಕಿದ ಗುಳಿಗಳು ಕಂಡರೆ ಅವು ಜಿಲೇಬಿಯ ಗೂಡು. ಗುಳಿಯ ಆಚೆ ಎಸೆದು ಅದರೊಳಕ್ಕೆ ಎಳೆದು ನಿಲ್ಲಿಸಿದರೆ, ಎತ್ತಿ ಆಚೆ ಹಾಕಲು ಬಾಯಿಗೆ ತೆಗೆದುಕೊಳ್ಳುತ್ತದೆ. ಜಿಲೇಬಿ ಹೊರಗಿನಿಂದ ಬಂದ ಮೀನು, ಕೆರೆ ತುಂಬ ಹಬ್ಬಿದೆ, ಕೊರವಕ್ಕೆ ಹೇಳಿದ ಮುಲಾಜು ಇದಕ್ಕೆ ಬೇಡ.

ಬಾಳೆ ಮೀನಿಗೆ ಸಂಜೆಯ ಮಬ್ಬು, ಆಳದ ಮಡು. 10ರಿಂದ 12 ಸೆಂ.ಮೀ. ಶ್ಯಾಡ್ 14 ಗ್ರಾಂ ತಲೆಗೆ, ಇಲ್ಲವೇ ಮುಂದೆ ಉದ್ದ ನಾಲಿಗೆ ಇರುವ ಆಳಕ್ಕಿಳಿಯುವ ಮಿನ್ನೋ, ಅಂದರೆ ಸಣ್ಣ ಮೀನಿನ ಆಕಾರದ ಗಟ್ಟಿ ಲೂರ್. ಬಾಳೆಯ ಬಾಯಿ ತುಂಬ ಸಣ್ಣ ಚೂಪು ಹಲ್ಲು, 40 ಪೌಂಡಿಗಿಂತ ಕಡಿಮೆ ಲೀಡರ್ ಉಜ್ಜಿ ಹರಿಯುತ್ತದೆ. ಗಟ್ಟಿ ಲೂರ್ ಒಂದು ಪಕ್ಕಕ್ಕೆ ವಾಲಿಕೊಂಡು ಓಡಿದರೆ ಬಿಸಾಡಬೇಡಿ: ಎಡಕ್ಕೆ ಓಡುತ್ತಿದ್ದರೆ ಮೂಗಿನ ಬಳೆಯನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿ, ಬಲಕ್ಕೆ ಓಡಿದರೆ ಎಡಕ್ಕೆ.

ಹೊಳೆಯ ಮಹಶೀರ್‌ಗೆ 10ರಿಂದ 18 ಗ್ರಾಂ ಸ್ಪೂನ್ (ಚಮಚದಂತೆ ಬಾಗಿದ ಲೋಹದ ಲೂರ್) ಅಥವಾ ನಂಬರ್ 3 ಸ್ಪಿನ್ನರ್ (ಎಳೆದಾಗ ತಗಡು ತಿರುಗುವ ಲೂರ್). ಮೂರು ಮುಳ್ಳಿನ ಹುಕ್ ಬಿಚ್ಚಿ ಒಂಟಿ ಹುಕ್ ಹಾಕಿ, ಅದರ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಅದುಮಿಬಿಡಿ, ಹಿಡಿದ ಮೀನನ್ನು ನೀರಲ್ಲಿಟ್ಟುಕೊಂಡೇ ಬಿಟ್ಟುಬಿಡಿ. ಸ್ಪಿನ್ನರ್ ಮುಂದೆ ಸ್ವಿವೆಲ್, ಅಂದರೆ ತಿರುಗುವ ಕೊಂಡಿ ಇಲ್ಲದಿದ್ದರೆ ದಾರ ಹುರಿಯಾಗುವುದು ಖಂಡಿತ. ಶೃಂಗೇರಿಯಲ್ಲಿ ಮಠದ ಹತ್ತಿರ ತುಂಗೆಯ ಮೀನು ದೇವರ ಮೀನು, ಅಲ್ಲಿ ಗಾಳದ ಮಾತೇ ಇಲ್ಲ. ಭದ್ರಾ ಅಭಯಾರಣ್ಯ 1998ರಿಂದ ಹುಲಿ ಮೀಸಲು, ಅದರೊಳಗಿನ ಹಿನ್ನೀರಿಗೂ ಗಾಳ ಒಯ್ಯುವ ಹಾಗಿಲ್ಲ. ಉಳಿದ ಕೆರೆಗಳಲ್ಲಿ ಹೆಚ್ಚಿನವು ಗುತ್ತಿಗೆ ಹೋಗಿರುತ್ತವೆ. ಗುತ್ತಿಗೆದಾರರನ್ನೋ ಮೀನುಗಾರರ ಸಹಕಾರ ಸಂಘವನ್ನೋ ಕೇಳಿ, ಮುಂಗಾರಿನಲ್ಲಿ ಮೀನು ಮೊಟ್ಟೆ ಇಡುವ ಕಾಲದ ನಿಷೇಧ ಇದೆಯೇ ಎಂದು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಎಸ್ಟೇಟ್ ಕೆರೆಯಾದರೆ ಸಾಹುಕಾರರ ಒಪ್ಪಿಗೆ.

ಬಣ್ಣಕ್ಕೆ ಇಷ್ಟು ಸಾಕು. ಜುಲೈ, ಆಗಸ್ಟ್‌ನ ಕೆಂಪು ನೀರಿಗೆ ಕಪ್ಪು ಅಥವಾ ಕಡು ನೇರಳೆ, ಯಾಕೆಂದರೆ ಕಲಕು ನೀರಿನಲ್ಲಿ ಮೀನಿಗೆ ಕಾಣುವುದು ಬಣ್ಣವಲ್ಲ, ನೆರಳು. ಪಾಚಿ ಹಸಿರು ನೀರಿಗೆ ಗಿಳಿಹಸಿರು. ನವೆಂಬರ್‌ನಿಂದ ಫೆಬ್ರವರಿಯ ತಿಳಿನೀರಿಗೆ ಕಂದು, ಬೂದು, ಬೆಳ್ಳಿ. ಕಪ್ಪೆಯ ಬೆನ್ನಿಗೆ ಬಳಿದ ಚಿತ್ತಾರ ನಿಮಗೆ ಮಾತ್ರ ಕಾಣುವಂಥದ್ದು, ಮೀನು ನೋಡುವುದು ಹೊಟ್ಟೆಯನ್ನು. ಚಳಿಗಾಲದಲ್ಲಿ ಬಣ್ಣಕ್ಕಿಂತ ಹೊತ್ತು ಮುಖ್ಯ: ಡಿಸೆಂಬರ್, ಜನವರಿಯ ಮಂಜಿನಲ್ಲಿ ಬೆಳಿಗ್ಗೆ ಆರಕ್ಕೆ ಹೋಗಿ ನಡುಗುವ ಬದಲು ಬಿಸಿಲು ಏರಿ ಅಂಚಿನ ನೀರು ಬೆಚ್ಚಗಾದ ಮೇಲೆ ಹೋಗಿ. ಏಪ್ರಿಲ್‌ನಲ್ಲಿ ಇದು ಉಲ್ಟಾ.

ವಾಸನೆ ಸೇರಿಸಿದ ರಬ್ಬರಿಗೆ ಹೆಚ್ಚು ದುಡ್ಡು ಕೊಡುವುದು ನಿಧಾನಕ್ಕೆ ಆಡಿಸುವ ಕಡ್ಡಿ ಹುಳಕ್ಕಾದರೆ ಸರಿ. ಬೇಗ ಎಳೆಯುವ ಶ್ಯಾಡ್‌ಗೆ ಅದು ವ್ಯರ್ಥ. ಅದಕ್ಕಿಂತ ಕೈಯ ವಾಸನೆ ನೋಡಿಕೊಳ್ಳಿ. ಜಿಗಣೆಗೆಂದು ಕಾಲಿಗೆ ಹೊಗೆಸೊಪ್ಪು ಉಜ್ಜಿದ ಕೈಯಲ್ಲೇ ರಬ್ಬರ್ ಪೋಣಿಸಬೇಡಿ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಮುಲಾಮು ಇನ್ನೂ ಕೆಟ್ಟದ್ದು, ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಸೀಸ ಮುಟ್ಟಿದ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ.

ರಬ್ಬರ್ ಇಡುವುದೂ ಒಂದು ಕೆಲಸ. ಮೆದು ಮಾಡಲು ಬೆರೆಸಿದ ಎಣ್ಣೆ ಅದರಿಂದ ಒಸರುತ್ತಿರುತ್ತದೆ, ಸಾಮಾನ್ಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಪ್ಯಾಕೆಟ್ ಇಲ್ಲದೆ ಹಾಗೇ ಹಾಕಿದರೆ ಎರಡೂ ಕರಗಿ ಅಂಟಾಗುತ್ತವೆ. ಬಂದ ಪ್ಯಾಕೆಟ್‌ನಲ್ಲೇ ಇಡಿ. ಕಪ್ಪು, ಬಿಳಿ ಒಟ್ಟಿಗೆ ಇಟ್ಟರೆ ಒಂದು ವಾರದಲ್ಲಿ ಬಿಳಿಯದು ಬೂದು. ಎಳೆದರೆ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುವ, ನೀರಲ್ಲಿ ತೇಲುವ ಟಿಪಿಇ ರಬ್ಬರನ್ನಂತೂ ಮಾಮೂಲಿ ರಬ್ಬರಿನ ಜೊತೆ ಸೇರಿಸಲೇಬೇಡಿ, ಎರಡೂ ಗೋಂದಾಗುತ್ತವೆ. ಕಾರಿನ ಬಿಸಿಗೆ ಬಾಲ ಸೊಟ್ಟಗಾಗಿದ್ದರೆ ಕುದಿಯುವ ಮುಂಚಿನ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಹಿಡಿದು ತಣ್ಣೀರಿಗೆ ಹಾಕಿ, ಹೊಸದರಂತಾಗುತ್ತದೆ. ಮೂಗು ಹರಿದದ್ದನ್ನು ಲೈಟರ್‌ನಲ್ಲಿ ಕಾಯಿಸಿದ ಸೂಜಿ ತಾಗಿಸಿ ಅಂಟಿಸಬಹುದು, ಹೊಗೆ ಕುಡಿಯದೆ ಬಯಲಲ್ಲಿ ಮಾಡಿ. ಅದಕ್ಕೂ ಬಗ್ಗದಷ್ಟು ಹರಿದದ್ದು ಕೆರೆಗೆ ಬೀಳಬಾರದು, ನುಂಗಿದ ಮೀನಿನ ಹೊಟ್ಟೆಯಲ್ಲಿ ಕರಗದೆ ಉಬ್ಬಿ ಕೂರುತ್ತದೆ. ಚೀಲದಲ್ಲಿ ಒಂದು ಖಾಲಿ ಕಾಫಿಪುಡಿ ಪ್ಯಾಕೆಟ್ ಇಟ್ಟುಕೊಂಡರೆ ಹರಿದ ರಬ್ಬರ್, ಕತ್ತರಿಸಿದ ದಾರದ ತುಂಡು ಎರಡೂ ಅದರೊಳಗೆ ಹಿಡಿಸುತ್ತವೆ.